ಬರ್ತೀನ್ರಿ ಅಂದದ್ದು

ಕಾಂತೇಶ ಮೊಣಕೈ ತನಕ ಗೋರಿಯ ಬಿರುಕಿನೊಳಗೆ ಕೈ ತೂರಿಸಿದ್ದ.

"ಅಕ್ಕಾ, ಒಳಗ ಬರ್ಫ ಇದ್ದಂಗ ಐತಿ," ಎಂದು ನಕ್ಕ. ಸೋಲಾಪುರದ ಮೇ ತಿಂಗಳ ಮಧ್ಯಾಹ್ನ. ಹೊರಗೆ ಕಲ್ಲು ಮುಟ್ಟಿದರೆ ಸುಡುತ್ತಿತ್ತು.

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಮೊಬೈಲಿನ ನಕಾಶೆ ನೋಡಿ ಹುಡುಕುವ ಜಿಯೋಕ್ಯಾಶಿಂಗ್ ಆಟದ ಹುಚ್ಚು ನನ್ನ ತಮ್ಮನಿಗೆ. ಆ ದಿನ ನಕಾಶೆ ನಮ್ಮನ್ನು ಬ್ರಿಟಿಷ್ ಸೈನಿಕರ ಹಳೆಯ ಸ್ಮಶಾನಕ್ಕೆ ತಂದಿತ್ತು. ಡಬ್ಬಿ ಸಿಕ್ಕಿತು. ಒಳಗೆ ಕೋಟಿನ ಹಿತ್ತಾಳೆ ಗುಂಡಿಯೊಂದಿತ್ತು, ಜೊತೆಗೆ ಆಗಷ್ಟೇ ಹಚ್ಚಿದಂಥ ಬೂಟ್ ಪಾಲಿಶಿನ ವಾಸನೆ. ಆಟದ ನಿಯಮದಂತೆ ಗುಂಡಿ ತೆಗೆದುಕೊಂಡು ತನ್ನ ಕೀಚೈನ್ ಇಟ್ಟ. ಹೊರಡುವಾಗ, ಯಾರದೋ ಮನೆಯಿಂದ ಎದ್ದು ಹೊರಟವನಂತೆ ಗೋರಿಯತ್ತ ತಿರುಗಿ, "ಬರ್ತೀನ್ರಿ ಸಾಹೇಬ್ರ," ಎಂದ.

"ಮಣ್ಣಿಗೆ ಬಂದವರು ಹಂಗ ಅಂತಾರೇನೋ ಹುಚ್ಚಾ!" ಎಂದು ಬೆನ್ನಿಗೆ ಗುದ್ದಿದೆ. ಸ್ಮಶಾನದಿಂದ ನಮ್ಮಲ್ಲಿ ಯಾರೂ ಹೇಳಿ ಹೊರಡುವುದಿಲ್ಲ.

ಅಕ್ಕಲಕೋಟೆ ದಾಟಿ ದುಧನಿಯ ಮನೆ ಮುಟ್ಟಿದರೂ ಅವನ ಕೈ ಮೊಣಕೈ ತನಕ ತಣ್ಣಗೇ ಇತ್ತು. ಅವ್ವ ಉಪ್ಪು ಹುರಿದು ಶಾಖ ಕೊಟ್ಟಳು, ಉಪ್ಪೇ ತಣ್ಣಗಾಯಿತು.

"ಮನ್ಯಾಗ ಬೂಟ್ ಯಾರು ತಿಕ್ಕಾಕತ್ತೀರಿ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಬೂಟು ಹಾಕುವವರೇ ಇಲ್ಲ.

ಮರುದಿನ ಮುಂಜಾನೆ ಅವನು ಜಳಕ ಮಾಡಿ, ತಲೆ ಬಾಚಿ, ಗುಂಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮುಟ್ಟಿ ನೋಡಿದೆ. ತಂಪು ಭುಜದ ತನಕ ಏರಿತ್ತು.

"ಗುಂಡಿ ಇಲ್ಲಿ ಕೊಡು ಕಾಂತ್ಯಾ. ನಾ ಹೋಗಿ ಇಟ್ಟು ಬರ್ತೀನಿ."

ಅವನು ಮುಷ್ಟಿ ಬಿಗಿದ.

"ಬ್ಯಾಡ. ಬರ್ತೀನಿ ಅಂದಾಂವ ನಾನು."