ಮನೆತನ ನೋಡಲು ಬಂದವನು

ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಮನೆತನ ನೋಡುವುದು ಎಂಬುದೊಂದಿದೆ. ಗಂಡಿನ ಕಡೆಯವರೊಬ್ಬರು ಹೇಳದೆ ಕೇಳದೆ ಬರುತ್ತಾರೆ. ನೀರು ಕುಡಿದು, ಕೊಟ್ಟಿಗೆಯತ್ತ ಕಣ್ಣು ಹಾಯಿಸಿ, ಮೂಲೆಯ ರಾಗಿ ಮೂಟೆ ನೋಡಿಕೊಂಡು ಎದ್ದು ಹೋಗುತ್ತಾರೆ. ದಂಡಿಗನಹಳ್ಳಿ ಹತ್ತಿರದ ಆ ಊರಿನಲ್ಲಿ ದೀಪಶ್ರೀಗೆ ಬಂದ ಸಂಬಂಧಗಳೆಲ್ಲ ಖಾಲಿ ಕೊಟ್ಟಿಗೆ ನೋಡಿಯೇ ಹಿಂದಿರುಗಿದ್ದವು. ಅಪ್ಪ ಇಲ್ಲದ ಮನೆ. ಅವಳೂ ಅವ್ವ ಮಾದಮ್ಮನೂ ಕೂಲಿಗೆ ಹೋದರೆ ಊಟ, ಇಲ್ಲದಿದ್ದರೆ ಇಲ್ಲ.

ಈ ಸಲ, "ಗುರುವಾರ ಹೊಳೆನರಸೀಪುರದ ಕಡೆಯೋರು ಬಂದಾರು" ಎಂದು ಮದುವೆ ದಲ್ಲಾಳಿ ಹೇಳಿದ್ದೇ ತಡ, ಮಾದಮ್ಮ ಪಕ್ಕದ ಮನೆ ಚನ್ನಪ್ಪನ ಹಸುವನ್ನು ತಂದು ತಮ್ಮ ಕೊಟ್ಟಿಗೆಗೆ ಕಟ್ಟಿದಳು. ಅವರದೇ ರಾಗಿ ಮೂಟೆಗಳೂ ಮೂಲೆ ಸೇರಿದವು.

ಗುರುವಾರ ಬಂದವನು ಒಬ್ಬನೇ. ಬಿಸಿಲಿಗೆ ಕಂದಿದ ಮುಖ, ಹೆಗಲಿಗೆ ಬ್ಯಾಗು, ಕೈಯಲ್ಲಿ ಟ್ಯಾಬು.

"ಅಮ್ಮಾ, ನಾನು ಅನಿಲ್‌ಕುಮಾರ್, ಅರಕಲಗೂಡಿನವನು. ನಿಮ್ಮನೆ ವಿಷ್ಯ ಸ್ವಲ್ಪ ಕೇಳ್ಬೇಕಿತ್ತು..."

ಅರಕಲಗೂಡು ಹೊಳೆನರಸೀಪುರದ ಪಕ್ಕದ್ದೇ; ಮುಂದಿನದನ್ನು ಹೇಳಲು ಮಾದಮ್ಮ ಬಿಡಲಿಲ್ಲ. ಚಾಪೆ ಹಾಸಿಯೇಬಿಟ್ಟಳು. "ಕೇಳಿ ಸಾ, ಕೇಳಿ. ಮುಚ್ಚುಮರೆ ಏನೈತೆ? ಆಲು ಕುಡ್ದು ಮಿಕ್ಕಿದ್ದ ಡೈರಿಗೆ ಆಕ್ತೀವಿ. ರಾಗಿ ವರ್ಸಕ್ಕಾಗಿ ಮಿಗ್ತದೆ."

ಅವನು ಎಲ್ಲವನ್ನೂ ಟ್ಯಾಬಿನಲ್ಲಿ ಒತ್ತಿಕೊಂಡ. ದೀಪಶ್ರೀ ಕಾಫಿ ತಂದಾಗ ಲೋಟದ ಅಂಚಿನ ಮೇಲಿಂದ ಒಮ್ಮೆ ಅವಳನ್ನು ನೋಡಿ, ಸಿಕ್ಕಿಬಿದ್ದವನಂತೆ ಕಾಫಿಯನ್ನು ಊದತೊಡಗಿದ.

"ನೀವು ಮೊಟ್ಟೆ ತಿಂತೀರಾ? ತಲೆಗೆ ಯಾವ ಎಣ್ಣೆ? ಹೋದ ವರ್ಷ ಚಪ್ಪಲಿ ತಗೊಂಡ್ರಾ?"

ಇಂಥ ಗಂಡನ್ನು ಅವಳು ಕಂಡಿರಲಿಲ್ಲ. ನಗು ತಡೆಯಲಾಗಲಿಲ್ಲ. "ಚಪ್ಪಲಿ ಲೆಕ್ಕ ಈಗ್ಲೇ ಯಾಕ್ರೀ? ಲಗ್ನ ಆದ್ಮೇಲೆ ನೀವೇ ಕೊಡ್ಸೋರಲ್ವಾ?"

ಅವನಿಗೆ ಕಾಫಿ ನೆತ್ತಿಗೇರಿತು. "ಲಗ್ನನಾ? ರೀ, ನಾನು ಸರ್ವೆಯವನು! ಜನ ಏನು ತಿಂತಾರೆ, ಏನು ಉಡ್ತಾರೆ, ಬಡತನ ಎಷ್ಟಿದೆ ಅಂತ ಸರ್ಕಾರ ಮನೆ ಮನೆ ಕೇಳಿಸ್ತಿದೆ."

ದೀಪಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು. ಮಾದಮ್ಮ ಮಾತ್ರ ನಗಲಿಲ್ಲ. ಹಿಂದೆಯೇ ಬಂದು ಪಿಸುಗುಟ್ಟಿದಳು: "ಬಾಯಿ ಬಿಟ್ಟೀಯ! ಬರ್ಕಂಡಿದ್ದು ಬರ್ಕಂಡಂಗೇ ಇರ್ಲಿ. ಎರವಲು ಅಸ ಅಂತ ಗೊತ್ತಾದ್ರೆ ನಿನ್ನ ಯಾರೇ ಮಾಡ್ಕತಾರೆ?"

ಹೊಳೆನರಸೀಪುರದವರು ಕೊನೆಗೂ ಬರಲಿಲ್ಲ. ಮತ್ತೆ ಬಂದವನು ಅನಿಲನೇ. ಒಂದೇ ಮನೆಗೆ ತಿಂಗಳಿಗೊಮ್ಮೆಯಂತೆ ಮತ್ತೆ ಮತ್ತೆ ಹೋಗಿ ಕೇಳುವುದು ಅವರ ಸರ್ವೆಯ ಕ್ರಮವಂತೆ. ಅಷ್ಟರಲ್ಲಿ ಚನ್ನಪ್ಪ ಹಸು ಬಿಚ್ಚಿಕೊಂಡು ಹೋಗಿ ಕೊಟ್ಟಿಗೆ ಖಾಲಿಯಾಗಿತ್ತು. ಮಾದಮ್ಮ ಒಳಗೆ ಕಂಬಳಿ ಹೊದ್ದು ಕೆಮ್ಮುತ್ತಿದ್ದಳು.

"ಹಸು?"

"ಮಾರಿದ್ವಿ."

"ದುಡ್ಡು?"

"ಅವ್ವನ ಔಷಧಿಗೆ."

"ಯಾವ ಆಸ್ಪತ್ರೆಗೆ ತೋರಿಸಿದ್ರಿ?"

ದೀಪಶ್ರೀ ನೆಲ ನೋಡಿದಳು. ಒಂದು ಸುಳ್ಳು ಮತ್ತೊಂದನ್ನು ಕೇಳುತ್ತಿತ್ತು. ಅವಳ ಬಳಿ ಅದೂ ಮುಗಿದಿತ್ತು.

ಅನಿಲ ಟ್ಯಾಬನ್ನು ಬೋರಲು ಹಾಕಿದ. "ಬರ್ಕೊಳ್ಳದೆ ಕೇಳ್ತೀನಿ. ಇವತ್ತು ಏನು ತಿಂದ್ರಿ?"

"ತಿಳ್ಕೊಂಡು ಏನ್ ಮಾಡ್ತೀರಿ?"

"ಮನೇಲಿ ತಟ್ಟೆ ಮುಂದೆ ಕೂತಾಗ ನೀವು ನೆನಪಾಗ್ತೀರಿ. ಅದಕ್ಕೆ."

ಆ ಮನೆಗೆ ಬಂದವರೆಲ್ಲ ಕೊಟ್ಟಿಗೆ ನೋಡಿದ್ದರು, ಮೂಲೆ ನೋಡಿದ್ದರು. ಇವನು ಅವಳ ಬತ್ತಿದ ತುಟಿಯನ್ನು ನೋಡುತ್ತಿದ್ದ. ಎಲ್ಲ ಹೇಳಿಬಿಡೋಣ ಎಂದು ಜೀವ ತುಡಿಯಿತು. ಹೇಳಿದರೆ ಈ ನೋಟ ಕರುಣೆಯಾಗಿ ಹೋದರೆ? ಹಸಿವಿಗಿಂತ ಆ ಭಯ ದೊಡ್ಡದಾಯಿತು.

"ಅನ್ನ, ಹುಳಿ, ಹಪ್ಪಳ" ಎಂದಳು.

ಅವನು ಟ್ಯಾಬು ತಿರುಗಿಸಿ ಹಾಗೆಯೇ ಒತ್ತಿಕೊಂಡ.

ಅವನು ಮತ್ತೆ ಬರುವಷ್ಟರಲ್ಲಿ ಮಾದಮ್ಮನನ್ನು ಮಣ್ಣು ಮಾಡಿಯಾಗಿತ್ತು. ಕೆಮ್ಮು ನೆಪ, ಹೊಟ್ಟೆ ಬರಿದಾಗಿದ್ದೇ ಕಾರಣ ಎಂದು ಕೊನೆಗಳಿಗೆಯಲ್ಲಿ ತೋರಿಸಿದ ಹಾಸನದ ಡಾಕ್ಟರು ಹೇಳಿದ್ದರು. "ನಂಗೆ ಸೇರಾಕಿಲ್ಲ ಕಣವ್ವ, ನೀನುಣ್ಣು" ಎಂದು ಅವ್ವ ತನ್ನ ಪಾಲನ್ನು ಮಗಳ ತಟ್ಟೆಗೆ ತಳ್ಳುತ್ತಿದ್ದಳು. ಮಗಳು ನಂಬಿ ಉಂಡಿದ್ದಳು.

ಅನಿಲ ಬಾಗಿಲಲ್ಲೇ ನಿಂತ. ಬ್ಯಾಗಿಗೆ ಕೈ ಹಾಕಲಿಲ್ಲ.

"ಅದನ್ನ ತೆಗೀರಿ. ಬರ್ಕೊಳ್ಳಿ" ಎಂದಳು ದೀಪಶ್ರೀ. "ಹಸು ಚನ್ನಪ್ಪಣ್ಣಂದು. ರಾಗೀನೂ ಅವರ್ದೇ. ಅವತ್ತು ಹಪ್ಪಳ ಅಂದ್ನಲ್ಲ, ಅವತ್ತು ಒಲೇನೇ ಹಚ್ಚಿರ್ಲಿಲ್ಲ. ಅವ್ವ ಹಸ್ಕೊಂಡು ಸತ್ಲು. ಇಷ್ಟೇ ರೀ ನಮ್ಮ ಮನೆತನ."

ಬೇರೆ ಹುಡುಗಿಯರು ಪ್ರೀತಿಯನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರಂತೆ. ಅವಳು ಹಸಿವನ್ನು ಹೇಳಿಕೊಳ್ಳಲು ಇಷ್ಟು ದಿನ ಹಿಂಜರಿದಿದ್ದಳು.

ಅವನು ಹೊಸ್ತಿಲ ಮೇಲೆ ಕುಳಿತು ಒಂದೊಂದನ್ನೇ ಒತ್ತಿಕೊಂಡ. ಕಣ್ಣನ್ನು ತೋಳಿಗೆ ಒರೆಸಿಕೊಂಡ.

"ಹಳೇದೆಲ್ಲ ತಪ್ಪು ಅಂದ್ರೆ ನಿಮ್ಗೆ ತೊಂದ್ರೆ ಆಗಲ್ವಾ?"

"ಆಗುತ್ತೆ. ಕಾಂಟ್ರಾಕ್ಟ್ ಕೆಲಸ, ತೆಗೆದ್ರೂ ತೆಗೀತಾರೆ. ಆದ್ರೆ ಎಲ್ಲರ ಮನೆಗೂ ನಾವು ಹೋಗಲ್ಲ ರೀ. ಒಂದು ಮನೆ ಕೇಳಿದ್ರೆ ಇಂಥವೇ ನೂರಾರು ಮನೆ ಹೀಗಿವೆ ಅಂತ ಲೆಕ್ಕ. ಸುಮ್ನಿದ್ರೆ, ಇಲ್ಲದ ಹಸೂನ ಅಷ್ಟೂ ಕೊಟ್ಟಿಗೆಗೆ ಕಟ್ಟಿದಂಗಾಗುತ್ತೆ."

"ಕೆಲ್ಸ ಹೋದ್ರೆ?"

"ಕೆಲ್ಸ ಇಲ್ಲದೋನು ಹೆಣ್ಣು ಕೇಳ್ಬಾರ್ದಂತೆ." ಅವನು ತಲೆ ಎತ್ತಿದ. "ಇವತ್ತಿನ್ನೂ ಇದೆ. ಅದಕ್ಕೆ ಇವತ್ತೇ ಕೇಳ್ತಿದೀನಿ."

ಅವ್ವ ಸತ್ತ ಮೇಲೆ ಮೊದಲ ಸಲ ಅವಳ ತುಟಿಯಂಚು ಅಲುಗಿತು. ಅದು ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ. ಬಾಗಿಲೆಳೆದುಕೊಂಡು ಅವನ ಜೊತೆ ಬಸ್ ಸ್ಟಾಪಿಗೆ ಹೊರಟಳು. ಆ ಊರಿನಲ್ಲಿ ಮದುವೆಯಾಗದ ಹೆಣ್ಣು ಪರಗಂಡಸಿನ ಪಕ್ಕದಲ್ಲಿ ಹಗಲು ಹೊತ್ತು ಬೀದಿಯುದ್ದ ನಡೆದರೆ ಅದೇ ಒಪ್ಪಿಗೆ, ಬೇರೆ ಮಾತು ಬೇಕಿಲ್ಲ.

ಅರಳಿಕಟ್ಟೆಯ ಮೇಲಿದ್ದ ಚನ್ನಪ್ಪ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದ. "ಯಾರವ್ವಾ ಇವ್ರು?"

"ನಮ್ಮನೇಲಿ ಏನಿಲ್ಲ ಅಂತ ಗೊತ್ತಿದ್ದೂ ಬಂದೋರು, ಚನ್ನಪ್ಪಣ್ಣ."

ಚನ್ನಪ್ಪ ಹೆಗಲ ಟವೆಲ್ಲು ತೆಗೆದು, ಪಕ್ಕದ ಕಲ್ಲಿನ ಧೂಳನ್ನು ಕೊಡವಿ, ಸರಿದು ಕುಳಿತ.

"ಬನ್ನಿ, ಕೂತ್ಕಳಿ. ಬಸ್ಸು ಬರೋದು ತಡ ಐತೆ."