ಶುಕ್ರಾಸ್ತದ ಮದುವೆ

"ಅದು ಚುಕ್ಕಿ ಅಲ್ಲ ಕಣ್ರೀ!"

ಬೆಳಗಿನ ಜಾವ ಬೆಳ್ಳಿಚುಕ್ಕಿಗೆ ಕೈಮುಗಿಯುತ್ತಿದ್ದ ನಾನು ಬೆಚ್ಚಿಬಿದ್ದೆ. ಅರಕಲಗೂಡಿನ ನಮ್ಮ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದಿದ್ದ ಪಾಲಾಕ್ಷ ಮೇಷ್ಟ್ರು ಜಗುಲಿ ಮೇಲೆ ನಿಂತಿದ್ದರು.

"ಅದು ಶುಕ್ರಗ್ರಹ. ನಮ್ಮ ಭೂಮಿ ಥರಾನೇ. ಸ್ವಂತ ಬೆಳಕಿಲ್ಲ, ಸೂರ್ಯನದೇ ಎರವಲು."

"ಎರವಲು ತಂದು ಇಷ್ಟೊಂದು ಜಂಬಾನಾ?"

ಮೇಷ್ಟ್ರು ನಕ್ಕುಬಿಟ್ಟರು.

ಆಮೇಲೆ ದಿನಾ ಪಾಠ. ಚುಕ್ಕಿಗಳೆಲ್ಲ ದೂರದ ಸೂರ್ಯರಂತೆ. ದುರ್ಬೀನಿನಲ್ಲಿ ನೋಡಿದರೆ ಶುಕ್ರನೂ ಚಂದ್ರನ ಹಾಗೆ ಅರ್ಧ ಆಗುತ್ತಾನಂತೆ. ಅವರು ಆಕಾಶ ನೋಡುತ್ತಿದ್ದರು, ನಾನು ಅವರ ಮೂಗಿನ ತುದಿ ನೋಡುತ್ತಿದ್ದೆ.

"ಮೇಲೆ ನೋಡ್ರೀ ನೀಲಗಂಗಾ!"

"ನೋಡ್ತಾನೇ ಇದೀನಲ್ಲ!"

ಕಿವಿಯವರೆಗೂ ಕೆಂಪಾದರು. "ಯುಗಾದಿ ಕಳೀಲಿ, ಹೊಳೆನರಸೀಪುರದಿಂದ ಅವ್ವನ್ನ ಕರ್ಕೊಂಡು ಬತ್ತೀನಿ, ಹೆಣ್ಣು ಕೇಳೋಕೆ" ಅಂದರು.

ಅಷ್ಟರಲ್ಲಿ, ಮೇಷ್ಟ್ರು ಸ್ಕೂಲಿಗೆ ಹೋಗಿದ್ದ ಹೊತ್ತಲ್ಲಿ, ಕಟ್ಟಾಯದಿಂದ ಗಂಡು ಬಂತು. ಅಪ್ಪಯ್ಯ ವೀಳ್ಯವನ್ನೂ ಬದಲಾಯಿಸಿಕೊಂಡುಬಿಟ್ಟರು. ನನ್ನ ಪುಣ್ಯಕ್ಕೆ ಶುಕ್ರಾಸ್ತ ಬಂತು. ಶುಕ್ರ ಮತ್ತೆ ಕಾಣಿಸೋವರೆಗೆ ಎರಡು ತಿಂಗಳು ಯಾರೂ ಮದುವೆ ಮಾಡರು. ಅಷ್ಟರಲ್ಲಿ ಮೇಷ್ಟ್ರ ಅವ್ವ ಬರಲಿ, ಅಪ್ಪಯ್ಯನ ಕಾಲು ಹಿಡಿದಾದರೂ ಒಪ್ಪಿಸೋಣ ಅಂದುಕೊಂಡೆ. ಮೇಷ್ಟ್ರಿಗೆ ಮಾತ್ರ ಇದನ್ನೆಲ್ಲ ಹೇಳಲಿಲ್ಲ, ನೊಂದುಕೊಳ್ಳುತ್ತಾರೆ ಅಂತ.

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಒಂದು ಸಂಜೆ ಪಡಸಾಲೆಯ ಹರಳೆಣ್ಣೆ ದೀಪದ ಮುಂದೆ ಅಪ್ಪಯ್ಯ, "ಶುಕ್ರ ಮುಳುಗವ್ನೆ ಮೇಷ್ಟ್ರೇ, ಶುಭಕಾರ್ಯ ಎಲ್ಲಾ ನಿಂತೋಯ್ತು" ಅಂದರು.

"ಎಲ್ಲಿ ಮುಳುಗಿದ್ದಾನೆ ಸ್ವಾಮಿ? ಸೂರ್ಯನ ಆಚೆ ಮಗ್ಗುಲಲ್ಲಿದ್ದಾನೆ ಅಷ್ಟೆ. ಒಂದು ನಿಂಬೆಹಣ್ಣು ಕೊಡಿ."

ತಂದುಕೊಟ್ಟವಳು ನಾನೇ, ನನ್ನ ಕರ್ಮ! ನಿಂಬೆಹಣ್ಣನ್ನು ದೀಪದ ಸುತ್ತ ತಿರುಗಿಸಿ ತಿರುಗಿಸಿ ತೋರಿಸಿದರು. ಬೇಡ ಬೇಡ ಅಂತ ಬಾಗಿಲ ಸಂದಿಯಿಂದ ತಲೆಯಾಡಿಸಿದೆ. ಆ ಹುಚ್ಚಪ್ಪ, ನಾನು ಮೆಚ್ಚಿದೆ ಅಂದುಕೊಂಡು ಇನ್ನೂ ಹುರುಪಿನಿಂದ ಹೇಳಿದರು.

"ಹೌದಲ್ಲಾ!" ಅಪ್ಪಯ್ಯ ತೊಡೆ ತಟ್ಟಿದರು. "ಹಂಗಾದ್ರೆ ಯಾಕೆ ಕಾಯ್ಬೇಕು? ಬರೋ ಸೋಮವಾರವೇ ನೀಲಿಗೆ ಧಾರೆ ಎರೆದುಬಿಡ್ತೀನಿ. ಕಟ್ಟಾಯದೋರೂ ಆತುರದಲ್ಲವ್ರೆ."

ಮೇಷ್ಟ್ರ ಕೈ ದೀಪದ ಹತ್ತಿರ ಹಾಗೇ ನಿಂತಿತು.

ಮಾರನೇ ದಿನ ಬಾವಿ ಹತ್ತಿರ ಬಂದರು. ಕಣ್ಣು ಊದಿಕೊಂಡಿತ್ತು. "ನಮ್ಮ ಮದುವೆ ಬೇಗ ಆಗ್ಲಿ ಅಂತ ಹೇಳಿದ್ದು ನೀಲಾ. ಎರಡು ತಿಂಗಳು ಕಾಯೋಕೆ ನನ್ನ ಕೈಲೇ ಆಗ್ಲಿಲ್ಲ."

ಬೈಯೋಣ ಅಂದರೆ ಅಳು ಬಂತು. ಅವರವ್ವ ಬಂದು ಹೆಣ್ಣು ಕೇಳೋಕೆ ಇನ್ನು ಹೊತ್ತೆಲ್ಲಿತ್ತು?

ಸೋಮವಾರ ಚಪ್ಪರದಲ್ಲಿ ನಮ್ಮ ಸೋದರತ್ತೆ ಬಸವಲಿಂಗಮ್ಮ ತಗಾದೆ ತೆಗೆದಳು. "ಶುಕ್ರಾಸ್ತದಲ್ಲಿ ಧಾರೆಯಾ? ಹುಡುಗಿ ಬಾಳು ಏನಾಗ್ಬೇಕು?" ವಾಲಗ ನಿಂತಿತು. ಕಟ್ಟಾಯದವರ ಮುಖ ಸಣ್ಣಗಾಯಿತು.

"ಮೇಷ್ಟ್ರನ್ನ ಕೇಳಿ," ಅಂದರು ಅಪ್ಪಯ್ಯ. "ಅವ್ರು ದೋಷ ಅಂದ್ರೆ ಈಗ್ಲೇ ನಿಲ್ಲಿಸ್ತೀನಿ."

ಬಾಸಿಂಗದ ಕೆಳಗಿಂದ ಅವರನ್ನೇ ನೋಡಿದೆ. ದೋಷ ಅನ್ನಿ ಮೇಷ್ಟ್ರೇ, ದಮ್ಮಯ್ಯ.

ಮೇಷ್ಟ್ರು ಎದ್ದು ನಿಂತರು. ಒಂದು ಸಲ ನನ್ನ ಕಡೆ ನೋಡಿದರು. ಧಾರೆ ತಪ್ಪಿದ ಹೆಣ್ಣನ್ನು ಊರು ಏನನ್ನುತ್ತೆ ಅಂತ ಯೋಚಿಸಿದರೋ, ಕಲಿತ ವಿದ್ಯೆಗೆ ದ್ರೋಹ ಅಂದುಕೊಂಡರೋ, ಇವತ್ತಿಗೂ ನಂಗೆ ಗೊತ್ತಿಲ್ಲ.

"ದೋಷ ಇಲ್ಲ ಸ್ವಾಮಿ. ಧಾರೆ ಎರೀರಿ" ಅಂದರು.

ಗಟ್ಟಿಮೇಳ ಶುರುವಾಯಿತು. ಅಷ್ಟೊಂದು ನಿಜ ಹೇಳಿಕೊಟ್ಟವರು, ನನಗೋಸ್ಕರ ಒಂದು ಸುಳ್ಳು ಹೇಳಬಾರದಿತ್ತಾ ಮೇಷ್ಟ್ರೇ?