ಗ್ರೀಸ್ ಹಚ್ಚದ ಬ್ರೇಕು

ನನ್ನ ಸೇಡು ತಾನಾಗಿಯೇ ಕಾರು ಹತ್ತಿಕೊಂಡು ನಮ್ಮ ಅಂಗಡಿಗೆ ಬಂತು. ನಾನೇನು ಕರೆದಿರಲಿಲ್ಲ. ಆದರೆ ಬಂದದ್ದನ್ನು ಹಿಂದಕ್ಕೆ ಕಳಿಸುವಷ್ಟು ಒಳ್ಳೆಯವಳೂ ನಾನಲ್ಲ.

ತೊಂಬತ್ತೊಂದರ ಸುಗ್ಗಿ ಅದು. ಜವಳಗೇರಾ ಕಡೆಯ ಭತ್ತದ ಟ್ರ್ಯಾಕ್ಟರುಗಳೆಲ್ಲ ಸಿಂಧನೂರಿನ ರಸ್ತೆಯಲ್ಲಿದ್ದವು. ಅಪ್ಪನ ಕಣ್ಣು ಮಂಜಾದ ಮೇಲೆ ಸ್ಪೇರ್‌ಪಾರ್ಟ್ಸ್ ಅಂಗಡಿ ನೋಡಿಕೊಳ್ಳುವವಳು ನಾನೇ, ಕಲ್ಯಾಣಿ. ಲಾರಿಯ ಬೇರಿಂಗಿಗೆ ಗ್ರೀಸ್ ತುಂಬುತ್ತ ಕೂತಿದ್ದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದಾಯಿತು. ತಲೆ ಎತ್ತಿದರೆ ಮಸ್ಕಿಯ ಕುದುರೆ ಕಾರು.

ಅದೊಂದು ಕೆಂಪು ಮಸ್ಟ್ಯಾಂಗ್. ಎರಡೇ ಬಾಗಿಲು, ಮಾರುದ್ದದ ಮೂತಿ, ಮೂತಿಯ ಮೇಲೆ ಓಡುವ ಕುದುರೆಯ ಗೊಂಬೆ. ಹೈದರಾಬಾದಿನ ನವಾಬರೊಬ್ಬರ ಮನೆಯಿಂದ ಅದನ್ನು ಕೊಂಡು ತಂದವರು ಮಸ್ಕಿಯ ಜಂಬಣ್ಣನ ಅಪ್ಪ. ಈಗ ಅವರಿಲ್ಲ, ಕಾರು ಜಂಬಣ್ಣನದು. ಅದರಿಂದ ಇಳಿದವನೂ ಅವನೇ. ನನ್ನನ್ನು ಕಂಡ ಕೂಡಲೇ ಅವನ ಕೈ ಅಂಗಿಯ ಕಾಲರು ಸರಿಮಾಡಲು ಹೋಯಿತು.

ಅದರ ಹಿಂದಿನ ವರ್ಷ ಇದೇ ಕಾರಿನಲ್ಲಿ ಅವನೂ ಅವನ ಮನೆಯವರೂ ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದರು. ನಾನು ಚಹಾ ತಂದಾಗ ಜಂಬಣ್ಣ ಕಪ್ಪು ತೆಗೆದುಕೊಳ್ಳುವುದನ್ನು ಮರೆತು ನನ್ನ ಮುಖ ನೋಡಿದ, ಆಮೇಲೆ ನಾಚಿಕೊಂಡು ಕಪ್ಪಿನ ಕಡೆ ತಿರುಗಿ ನಕ್ಕ. ಆ ನಗು ನನಗೆ ಹಿಡಿಸಿತು. ಒಳಗೆ ಹೋಗಿ ಸುಮ್ಮಸುಮ್ಮನೆ ಕನ್ನಡಿ ನೋಡಿಕೊಂಡೆ. ಅಷ್ಟರಲ್ಲಿ ಸಂಬಂಧ ಒಪ್ಪಿದ ಗುರುತಿಗೆ ಉಡಿ ತುಂಬಲೆಂದು ಕರೆದರು. ಅವನ ಸೋದರತ್ತೆ ವೀರಭದ್ರಮ್ಮ ನನ್ನ ಕೈ ಹಿಡಿದವಳು ಮೂಗಿನ ಹತ್ತಿರ ಒಯ್ದಳು.

“ಯವ್ವಾ, ಹುಡುಗಿ ಕೈ ಗ್ರೀಸ್ ನಾರತಾವ! ನಾಳೆ ನಮ್ಮ ಮನ್ಯಾಗ ರೊಟ್ಟಿನೂ ಗ್ರೀಸ್ ವಾಸನಿ ಹೊಡಿಬೇಕೇನು?”

ಉಡಿಯ ಅಕ್ಕಿ ಮತ್ತೆ ಚೀಲಕ್ಕೆ ಹೋಯಿತು. ಅಪ್ಪ ತಲೆ ತಗ್ಗಿಸಿದ. ಜಂಬಣ್ಣನೋ, ಶಿರಾದ ತಟ್ಟೆ ನೋಡುತ್ತ ಕೂತಿದ್ದ. ಒಂದೇ ಒಂದು ಮಾತು ಆಡಿದ್ದರೂ ಸಾಕಿತ್ತು, ಆಡಲಿಲ್ಲ. ಅತ್ತೆಯ ಮಾತಿಗಿಂತ ಅವನ ಮೌನವೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಆ ಬೆಂಕಿಯನ್ನು ನಾನು ವರ್ಷವಿಡೀ ಆರಲು ಬಿಟ್ಟಿರಲಿಲ್ಲ.

“ಬ್ರೇಕ್ ಸವದಾವ್ರಿ,” ಎಂದ ಈಗ. “ಜವಳಗೇರಾ ಹತ್ರ ಎಮ್ಮಿ ಹಿಂಡು ಅಡ್ಡ ಬಂದಿತ್ತು. ಜರಾ ತಪ್ಪಿದ್ರ...”

“ಎಮ್ಮಿ ಪುಣ್ಯ ಮಾಡಿದ್ವು,” ಎಂದೆ.

ಪಕ್ಕದ ಗ್ಯಾರೇಜಿನ ದಸ್ತಗೀರ್‌ಸಾಬ್ ಗಾಲಿ ಬಿಚ್ಚಿ ನೋಡಿದರು. ಮುಂದಿನ ಪ್ಯಾಡುಗಳು ಸವೆದು ತಗಡಷ್ಟೇ ಉಳಿದಿತ್ತು. ಕಾರು ಗ್ಯಾರೇಜಿನಲ್ಲೇ ನಿಂತಿತು, ಅವನು ಬಸ್ಸು ಹತ್ತಿದ. ಹಳೆಯ ಪ್ಯಾಡನ್ನು ಮಾದರಿಗೆಂದು ಲಾರಿಯವರ ಕೈಯಲ್ಲಿ ಹೈದರಾಬಾದಿಗೆ ಕಳಿಸಿ ಎರಡು ಬಗೆ ತರಿಸಿದೆ. ಅವನು ಮತ್ತೆ ಬಂದಾಗ ಎರಡನ್ನೂ ಕೌಂಟರಿನ ಮೇಲಿಟ್ಟೆ.

“ಇದು ಮೆತ್ತಂದು. ಸದ್ದಿಲ್ಲದಂಗ ಹಿಡಿತೈತಿ. ಆದ್ರ ನಿಮ್ಮ ಗಾಡಿ ಭಾರ ಐತಿ. ಜೋರು ಓಡಿಸಿ ಮ್ಯಾಲಿಂದ ಮ್ಯಾಲ ಬ್ರೇಕ್ ಹೊಡದ್ರ ಕಾದು ಕೈ ಕೊಡ್ತೈತಿ. ಇದು ಗಟ್ಟಿದು, ಕಬ್ಬಿಣದ ಪುಡಿ ಕೂಡಿಸ್ಯಾರ. ಕಾದ್ರೂ ಹಿಡಿತ ಬಿಡಂಗಿಲ್ಲ.”

“ನೀವು ಯಾವುದು ಅಂತೀರಿ?”

“ಸದ್ದು ಮಾಡದವರನ್ನ ನಂಬಿ ಒಮ್ಮೆ ಕೆಟ್ಟೀನ್ರಿ. ಗಟ್ಟಿದು ತಗೊಳ್ರಿ.”

ಅವನ ಕಿವಿ ಕೆಂಪಾದವು. ಕಣ್ಣು ಮಾತ್ರ ನನ್ನ ಬೆರಳುಗಳ ಮೇಲೆಯೇ ಇದ್ದವು. ಉಗುರಿನ ಸಂದಿಯಲ್ಲಿ ಕಪ್ಪಿತ್ತು. ನಾನು ಬೇಕೆಂದೇ ಕೈ ಒರೆಸಿಕೊಳ್ಳಲಿಲ್ಲ.

“ಇವತ್ತಽ ಹಾಕಿಸಿ ಕೊಡ್ರಿ,” ಎಂದ.

“ಎಲ್ಲಿಗೆ ಇಷ್ಟು ಅವಸರ?” ಎಂದೆ.

“ನಾಳೆ ಲಿಂಗಸುಗೂರಿಗೆ ಹೋಗಬೇಕ್ರಿ. ಅತ್ತಿ ಒಂದು ಹೆಣ್ಣು ಗೊತ್ತು ಮಾಡ್ಯಾಳ.”

ಎದೆಯಲ್ಲಿ ಏನೋ ಚುಚ್ಚಿತು. ಇವನು ಯಾರನ್ನಾದರೂ ನೋಡಲಿ, ನನಗೇನು ಎಂದುಕೊಂಡರೂ ಚುಚ್ಚಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಗಟ್ಟಿ ಪ್ಯಾಡಿನ ಬೆನ್ನಿಗೆ ಬೆರಳ ತುದಿಯಷ್ಟು ಗ್ರೀಸ್ ಹಚ್ಚಬೇಕು, ಅದಕ್ಕೆಂದೇ ಬೇರೆ ಗ್ರೀಸ್ ಬರುತ್ತದೆ. ಹಚ್ಚದಿದ್ದರೂ ಕಾರು ನಿಲ್ಲುವುದಂತೂ ನಿಲ್ಲುತ್ತದೆ, ಅಪಾಯವೇನಿಲ್ಲ. ಆದರೆ ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ ಊರು ಕೇಳುವಂತೆ ಕಿರುಚುತ್ತದೆ. ಪ್ಯಾಡಿನ ಜೊತೆ ಆ ಗ್ರೀಸಿನ ಡಬ್ಬಿ ಕೊಡುವುದು ನಮ್ಮ ಅಂಗಡಿಯ ಪದ್ಧತಿ. ಅಂದು ನಾನು ಕೊಡಲಿಲ್ಲ.

“ಡಬ್ಬಿ ಎಲ್ಲಿ, ಬೇಟಿ?” ದಸ್ತಗೀರ್‌ಸಾಬ್ ಕೇಳಿದರು.

“ಇವರ ಮನಿಗೆ ಗ್ರೀಸ್ ವಾಸನಿ ಆಗಂಗಿಲ್ಲ ಚಾಚಾ. ಹಂಗಽ ಹಾಕ್ರಿ.”

ಚಾಚಾ ನನ್ನನ್ನು ನೋಡಿದರು, ಜಂಬಣ್ಣನನ್ನು ನೋಡಿದರು, ಗಡ್ಡದೊಳಗೇ ನಕ್ಕರು. ಜಂಬಣ್ಣ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಹೋಗು, ಇನ್ನು ನಿನ್ನ ಪರವಾಗಿ ಕಾರೇ ಮಾತಾಡುತ್ತದೆ ಎಂದುಕೊಂಡೆ.

ಎರಡು ದಿನದಲ್ಲಿ ಬಸ್ ಡ್ರೈವರ್ ಅಂಬಪ್ಪ ಸುದ್ದಿ ತಂದ.

“ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಆ ಕಾರು ಕಿರುಚಿದ್ದಕ್ಕ ಎತ್ತು ಬಂಡಿ ಸಮೇತ ಓಡಿ ಹೋದ್ವು! ಲಿಂಗಸುಗೂರಾಗ ಹೆಣ್ಣಿನ ಮನಿ ಮುಂದ ನಿಲ್ಲಿಸಿದ್ರ, ಆರತಿ ಹಿಡಕೊಂಡು ನಿಂತಾಕಿ ತಾಟು ಒಗದು ಒಳಗ ಓಡ್ಯಾಳ. ವೀರಭದ್ರಮ್ಮಾರು ಎರಡೂ ಕಿವ್ಯಾಗ ಬೆರಳು ಇಟ್ಕೊಂಡು ಕುಂತಿದ್ರಂತ.”

ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಅಪ್ಪನ ತಲೆ ತಗ್ಗಿದ್ದು ನೆನಪಾಗಿ ಇನ್ನೂ ಜೋರಾಗಿ ನಕ್ಕೆ. ಆಮೇಲೆ ಕೇಳಬಾರದ್ದನ್ನು ಕೇಳಿದೆ. “ಹೆಣ್ಣು ಗಟ್ಟಿ ಆತೇನು?”

“ಅದು ಗೊತ್ತಿಲ್ಲವ್ವ,” ಎಂದ ಅಂಬಪ್ಪ. ಅಂದಿನ ಊಟ ನನಗೆ ಸೇರಲಿಲ್ಲ.

ವಾರ ತುಂಬುವುದರೊಳಗೆ ಕಾರು ಮತ್ತೆ ಬಂತು. ಅದರ ಕಿರುಚಾಟ ಕಾಲುವೆಯ ಸೇತುವೆಯ ಹತ್ತಿರವೇ ಕೇಳಿಸಿತು. ನಾನು ಬೇಕೆಂದೇ ಹೊರಗೆ ನೋಡಲಿಲ್ಲ, ನಟ್ಟುಗಳನ್ನು ಆರಿಸುತ್ತ ಕೂತೆ. ಜಂಬಣ್ಣ ಒಳಗೆ ಬಂದು ಕೌಂಟರಿನ ಮುಂದೆ ನಿಂತ.

“ಬೈಯಾಕ ಬಂದೀರೇನು?”

“ಅಲ್ರಿ. ಹೇಳಾಕ ಬಂದೀನಿ.”

“ಮಸ್ಕ್ಯಾಗ ಮೆಕ್ಯಾನಿಕ್ ಇರಲಿಲ್ಲೇನು? ಒಂದು ಬೆರಳು ಗ್ರೀಸ್ ಹಚ್ಚಿದ್ರ ಸುಮ್ನ ಆಗ್ತಿತ್ತು.”

“ಹಚ್ತೀನಿ ಅಂದ ಅವ. ನಾನಽ ಬ್ಯಾಡಂದೆ.”

ನಟ್ಟು ಆರಿಸುವುದನ್ನು ಬಿಟ್ಟು ತಲೆ ಎತ್ತಿದೆ. “ಯಾಕ?”

“ಅವತ್ತು ನಾ ಒದರಬೇಕಾಗಿತ್ತು. ಒದರಲಿಲ್ಲ. ಅದಾದ್ರೂ ಒದರಲಿ ಅಂತ ಬಿಟ್ಟೆ. ದಾರಿ ತುಂಬ ಅತ್ತಿ ಕೇಳಿದ್ಲು, ಇದಕ್ಕೇನು ರೋಗ ಅಂತ. ಲಿಂಗಸುಗೂರಾಗ ಹೇಳೇಬಿಟ್ಟೆ. ಇದಕ್ಕ ಗ್ರೀಸ್ ಇಲ್ಲ ಅತ್ತಿ, ನಮ್ಮ ಮನಿಗೂ ಇಲ್ಲ. ನನಗ ಸಿಂಧನೂರಿನ ಕಲ್ಯಾಣಿನಽ ಬೇಕು ಅಂದೆ.”

“ಆ ಹುಡುಗಿ ಮನಿ ಮುಂದ? ಆಕಿಗೆ ಏನನಸಬಾರದು?”

“ಅವರಪ್ಪಗ ಕೈ ಮುಗದು ತಪ್ಪಾತು ಅಂದು ಬಂದೀನಿ. ಆಕಿ ಉಡಿ ಹಿಡಿಯೂದಕ್ಕಿಂತ ಮೊದಲಽ ಹೇಳಬೇಕಂತ ಹೇಳಿದೆ.”

“ಮತ್ತ ಅವತ್ತು ನನ್ನ ಉಡಿ ಮುಂದ ಯಾಕ ಸುಮ್ನ ಕುಂತ್ರಿ?”

ಅವನು ನನ್ನ ಕಣ್ಣು ನೋಡಿಯೇ ಹೇಳಿದ. “ಅಂಜಿದೆ.”

ನೆಪ ಹೇಳಿದ್ದರೆ ಕೌಂಟರಿನ ಮೇಲಿನ ಸ್ಪ್ಯಾನರು ಬೀಸುತ್ತಿದ್ದೆನೋ ಏನೋ. ಅಂಜಿದೆ ಎನ್ನುವವನನ್ನು ಏನು ಮಾಡುವುದು? ಕರಗಿದೆ, ಸುಳ್ಳೇಕೆ ಹೇಳಲಿ. ಆದರೆ ಸೇಡು ಬಿಡುವ ಮನಸ್ಸಾಗಲಿಲ್ಲ.

“ನನ್ನ ಮುಂದ ಹೇಳೂದು ಸುಲಭ. ನಮ್ಮಪ್ಪನ ಮುಂದ, ನಿಮ್ಮ ಅತ್ತಿ ಮುಂದ ಹೇಳ್ರಿ. ಅವರ ಮುಂದಽ ನನ್ನ ಮಾನ ಹೋಗೈತಿ.”

ಜಂಬಣ್ಣ ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದ. ವೀರಭದ್ರಮ್ಮ ಇಳಿದಳು. ಕಂಕುಳಲ್ಲಿ ಉಡಿಯ ಚೀಲವಿತ್ತು. ಟ್ರ್ಯಾಕ್ಟರಿನವರು, ದಸ್ತಗೀರ್‌ಸಾಬ್, ಎಲ್ಲರೂ ನೋಡುತ್ತಿದ್ದಂತೆ ಅವನು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಮುಂದೆ ನಿಂತ.

“ಅವತ್ತು ನಾ ಸುಮ್ನ ಕುಂತಿದ್ದು ತಪ್ಪ್ರಿ. ನಿಮ್ಮ ಮಗಳು ಅಂದ್ರ ನನಗ ಜೀವ. ಆಕಿ ಕೈ ಗ್ರೀಸ್ ನಾರಿದ್ರ ನಾರಲಿ, ನನಗ ಆ ಕೈನಽ ಬೇಕು.”

ಅಪ್ಪ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದ. “ನನ್ನ ಕೇಳಬ್ಯಾಡಪ್ಪ. ಅಂಗಡಿ ಆಕೀದು.”

ನಾನು ಗ್ರೀಸಿನ ಡಬ್ಬಿ ತೆಗೆದು ವೀರಭದ್ರಮ್ಮನ ಮುಂದೆ ಹಿಡಿದೆ. “ಉಡಿ ಆಮ್ಯಾಲ. ಮೊದಲು ಇದರಾಗ ಬೆರಳು ಅದ್ದ್ರಿ ಅಮ್ಮಾರ. ಪ್ಯಾಡಿಗೆ ನೀವಽ ಹಚ್ಚಬೇಕು.”

ಆಕೆ ಸೋದರಳಿಯನ ಮುಖ ನೋಡಿದಳು. ಅವನು ಈ ಸಲ ತಲೆ ತಗ್ಗಿಸಲಿಲ್ಲ. “ಅದ್ದು ಅತ್ತಿ,” ಎಂದ.

ದಸ್ತಗೀರ್‌ಸಾಬ್ ಬಲಗಡೆಯ ಗಾಲಿ ಬಿಚ್ಚಿ ಪ್ಯಾಡು ತೆಗೆದುಕೊಟ್ಟರು. ಮಸ್ಕಿಯ ವೀರಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಬೆನ್ನಿಗೆ ಗ್ರೀಸ್ ಹಚ್ಚಿದಳು. ಅದೇ ಕೈಯಲ್ಲಿ ನನ್ನ ಉಡಿ ತುಂಬಿದಳು. ಉಡಿಯೊಳಗಿನ ಹಸಿರು ರವಿಕೆ ಖಣದ ಮೇಲೆ ಐದೂ ಬೆರಳಿನ ಗುರುತು ಮೂಡಿತು. ಆಕೆ ತನ್ನ ಕೈಯನ್ನು ಮೂಸಿ ಮುಖ ಕಿವುಚಿದಳು.

“ಹೋಗಂಗಿಲ್ಲೇನು ಇದು?”

“ಸೀಮೆಎಣ್ಣಿ ಹಚ್ಚಿ ತೊಳದ್ರ ಅರ್ಧ ಹೋಗ್ತೈತ್ರಿ. ಉಳಿದಿದ್ದು ರೂಢಿ ಆಗ್ತೈತಿ,” ಎಂದೆ. ಆ ಖಣವನ್ನು ನಾನು ಇವತ್ತಿಗೂ ಒಗೆದಿಲ್ಲ.

ಮದುವೆಯ ದಿನ ಮಸ್ಕಿಯ ಬಸ್‌ಸ್ಟ್ಯಾಂಡು ದಾಟುವಾಗ ಜಂಬಣ್ಣ ನನ್ನ ಕಡೆ ಓರೆಗಣ್ಣಿನಿಂದ ನೋಡಿದ.

“ಕಲ್ಯಾಣಿ, ಎಡಗಡಿ ಗಾಲಿ ಇನ್ನೂ ಕೂಗಾಕತ್ತೈತಲ್ಲ?”

“ಅದಕ್ಕ ನಾ ಗ್ರೀಸ್ ಹಚ್ಚಿಸಿಲ್ಲ.”

“ಯಾಕ?”

“ನೀವು ಮತ್ತೊಮ್ಮೆ ಸುಮ್ನ ಕುಂತ್ರ ಅದಾದ್ರೂ ಕೂಗಲಿ ಅಂತ.”

ಅವನು ನಕ್ಕ. ಈ ಸಲ ನನ್ನ ಮುಖ ನೋಡಿಯೇ ನಕ್ಕ. ನನ್ನ ಕೈಯನ್ನು ಮೂಗಿನ ಹತ್ತಿರ ಒಯ್ದು, ಅರಿಷಿಣದ ಅಡಿಯಲ್ಲಿ ಹುಡುಕುವವನ ಹಾಗೆ ಮೂಸಿ, “ಐತಿ, ಐತಿ,” ಎಂದ. ಮನೆ ಮುಟ್ಟಿದಾಗ ಬಾಗಿಲಲ್ಲಿ ವೀರಭದ್ರಮ್ಮ ಆರತಿ ಹಿಡಿದು ನಿಂತಿದ್ದಳು. ಜಂಬಣ್ಣ ಬೇಕೆಂದೇ ಬ್ರೇಕನ್ನು ಮೆಲ್ಲಗೆ, ಉದ್ದಕ್ಕೆ ಒತ್ತಿದ. ಓಣಿಯೆಲ್ಲ ಹೊರಗೆ ಬಂತು.